ಮನೆಯ ಬೆಲೆ ಕಟ್ಟಲು ಬಂದವರಿಗೆ ಅವಲಕ್ಕಿ

ಬೈಲಹೊಂಗಲದಿಂದ ರಾಮದುರ್ಗದವರೆಗೆ ಜನರಿಗೆ ಮನೆಯ ಮೇಲೆ ಸಾಲ ತೆಗೆಯುವ ವಿದ್ಯೆ ಕಲಿಸಿದವನೇ ನಾನು. ಸುಳ್ಳು ಬಿಡ್ರಿ! ನಾನಿದ್ದದ್ದೇ ಬಾಡಿಗೆ ಖೋಲಿಯಲ್ಲಿ. ಆದರೆ ಸ್ವಂತ ಮನೆಯಿದ್ದವರ ಫಜೀತಿಯೆಲ್ಲ ನನ್ನ ಕಣ್ಣೆದುರೇ ಆಗುತ್ತದೆ, ಏನು ಮಾಡಲಿ? ಚಹಾ ಕುಡಕೋತ ಕೇಳ್ರಿ, ಒಂದು ಹೇಳ್ತೀನಿ.

೧. ಪಾಟಲಿ

ತೊಂಬತ್ತರ ದಶಕ ಮುಗಿಯುತ್ತಿತ್ತು. ನಮ್ಮ ಮನೆ ಮಾಲಕ ಕಾಕಾ ದೊಡವಾಡ ರಸ್ತೆಯಲ್ಲಿ ಇನ್ನೊಬ್ಬರ ಟೆಂಪೋ ಓಡಿಸುತ್ತಿದ್ದರು. ಸ್ವಂತದ್ದೊಂದು ಬೇಕೆಂಬುದೇ ಅವರ ಜೀವದಾಸೆ.

"ಮನೀ ಈಗಿನ ಬೆಲೆಯೊಳಗ ಮನಿ ಕಟ್ಟಾಕ ತಗೊಂಡ ಹಳೇ ಸಾಲ ಕಳೀರಿ. ಮಿಕ್ಕಿದ್ದು ನಿಮ್ಮ ಪಾಲು. ಅದರ ಮ್ಯಾಲೆ ಬ್ಯಾಂಕಿನವರು ಮತ್ತ ಸಾಲ ಕೊಡ್ತಾರ," ಎಂದೆ.

"ಮನಿ ಬಿಡಬೇಕೇನು?"

"ಇಲ್ರಿ. ಕಂತು ತಪ್ಪಿಸಲಿಲ್ಲಂದ್ರ ಆರಾಮ ಇರ್ರಿ."

ಒಳಗಿನಿಂದ ಅವರ ಹೆಂಡತಿ ಕಾಕು ಗುಡುಗಿದಳು: "ನನ್ನ ಕೈಯಾಗಿನ ಬಂಗಾರದ ಪಾಟಲಿ ಒತ್ತಿ ಇಟ್ಟಾಗ ಲಗ್ನಕ್ಕ ಹಾಕ್ಕೊಂಡು ಹೋಗಾಕೂ ಕೊಡಲಿಲ್ಲ! ಮನಿ ಇಟ್ರ ಇರಾಕ ಕೊಡ್ತಾರಂತ. ಬ್ಯಾಂಕಿನವರಿಗೆ ಗಂಡಸರ ಮ್ಯಾಲೆ ಎಷ್ಟ ಅಕ್ಕರತಿ!"

೨. ಅವಲಕ್ಕಿ

ಬೆಲೆ ಕಟ್ಟಲು ಬ್ಯಾಂಕಿನ ಎಂಜಿನಿಯರ್ ಬರುವುದೆಂದರೆ ಕಾಕುಗೆ ಕನ್ಯೆ ನೋಡಲು ಬೀಗರು ಬಂದಂತೆ. ಗೋಡೆಗೆ ಸುಣ್ಣ, ಪಕ್ಕದ ಮನೆಯ ಸೋಫಾ, ತಾಟಿನ ತುಂಬ ಅವಲಕ್ಕಿ.

"ವಯಸ್ಸು ಕೇಳಿದ್ರ ಎರಡು ವರ್ಷ ಕಡಿಮಿ ಹೇಳ್ರಿ," ಎಂದಳು ಕಾಕು.

"ಮನೀದೋ, ನಿಂದೋ?" ಎಂದರು ಕಾಕಾ.

ಕಾಕು ಮುನಿದಳು; ಕಾಕಾನ ಪಾಲಿನ ಅವಲಕ್ಕಿ ನನಗೆ ಬಂತು.

೩. ಆಡು

ಪುರಸಭೆಯವರು ತೆರಿಗೆ ಹಾಕಲು ಬಂದಾಗಲೆಲ್ಲ ಕಾಕಾನ ವರಸೆಯೇ ಬೇರೆ. ಮನೆಯ ಬೆಲೆ ಕಡಿಮೆ ಕಾಣಲೆಂದು ಪಡಸಾಲೆಯಲ್ಲಿ ಆಡು, ಸೋರದ ಸೂರಿನ ಕೆಳಗೂ ಬಕೀಟು. ಅಂದು ಅವಲಕ್ಕಿ ಹೊಟ್ಟೆಗಿಳಿದೊಡನೆ ನನಗೆ ಕಿಡಿಗೇಡಿತನ ಹತ್ತಿತು, ಸುಳ್ಳೇ ಕೂಗಿದೆ:

"ಕಾಕಾ, ಬ್ಯಾಂಕಿನವರು ನಾಳೆ ಬರ್ತಾರಂತ. ಈಗ ಬರಾಕ ಹತ್ತಿದವರು ಪುರಸಭೆಯವರು!"

ಸೋಫಾ ಹೊರಗೆ ಹೋಯಿತು, ಆಡು ಒಳಗೆ ಬಂತು, ಹಿಂದೆಯೇ ಎಂಜಿನಿಯರ್ ಬಂದರು. ಕಾಕಾ ಎಂಜಿನಿಯರ್‌ನ ಕೈ ಹಿಡಿದು, "ಇದು ಮನಿ ಅಲ್ರಿ ಸಾಹೇಬ್ರ, ಇಂದೋ ನಾಳೆಯೋ ಬೀಳೂ ಗ್ವಾಡಿ," ಎಂದು ಹಿಂದಿನ ನನ್ನ ಖೋಲಿಯನ್ನೂ ತೋರಿಸಿದರು. ಇಡೀ ಮನೆಯಲ್ಲಿ ನಿಜವಾಗಿ ಸೋರುತ್ತಿದ್ದದ್ದು ಅದೊಂದೇ.

ನನಗೆ ನಗು ತಡೆಯಲಾಗಲಿಲ್ಲ. "ಕಾಕಾ, ಇವರೇ ಬ್ಯಾಂಕಿನವರು!"

ಕಾಕಾನ ಮುಖ ಸುಣ್ಣವಾಯಿತು. ಟೆಂಪೋ ಹೋಯಿತು ಎಂದುಕೊಂಡು ಕಾಕು ಅಳಲಿಕ್ಕೇ ನಿಂತಳು. ಎಂಜಿನಿಯರ್ ಮಾತ್ರ ಆಡನ್ನು ಸರಿಸಿ ಗೋಡೆ ತಟ್ಟಿ ನೋಡಿದರು.

"ಆಡು ನೋಡಿ ಬೆಲೆ ಕಟ್ಟೂದಿಲ್ರಿ. ಜಾಗಾ ಚಲೋ ಐತಿ, ಗ್ವಾಡಿ ಗಟ್ಟಿ ಅದಾವ. ಆ ಸೋರೂ ಹಿಂದಿನ ಖೋಲಿಯೊಂದು ಖಾಲಿ ಮಾಡಿಸಿ ರಿಪೇರಿ ಮಾಡಸ್ರಿ, ಸಾಲ ಆಗ್ತದ."

ಕಾಕಾ ನನ್ನತ್ತ ತಿರುಗಿದರು. "ಕೇಳಿದೆಲ್ಲೋ?"

ಟೆಂಪೋ ಬಂತು. ಮಾಲೆ ಹಾಕಿ, ತೆಂಗಿನಕಾಯಿ ಒಡೆದು ಮೊದಲ ಟ್ರಿಪ್ ಹೊಡೆದರು. ಅದರಲ್ಲಿ ಹೋದದ್ದು ನನ್ನದೇ ಹಾಸಿಗೆ, ಟ್ರಂಕು, ಸ್ಟೋವು. "ಮೊದಲ ಬೋಣಿಗಿ, ಉದ್ರಿ ಇಲ್ಲ," ಎಂದು ನನ್ನ ಕಿಸೆ ಬರಿದು ಮಾಡಿಯೇ ಇಳಿಸಿದರು. ಅದು ಇವತ್ತಿಗೂ ತುಂಬಿಲ್ಲ. ಹಿಂಗಾಗಿ ಈ ಚಹಾದ ರೊಕ್ಕ ನೀವೇ ಕೊಟ್ಟುಬಿಡ್ರಿ.