ಉಪವಾಸದ ಖರ್ಚು

ಎಲ್ಲಕ್ಕಿಂತ ದುಬಾರಿಯಾದ ಊಟ ಯಾವುದು ಎಂದು ಯಾರಾದರೂ ಕೇಳಿದರೆ, ಮದುವೆಯ ಊಟ ಎಂದಾಗಲಿ, ದೊಡ್ಡ ಸಾಹೇಬರಿಗೆ ಹಾಕುವ ಊಟ ಎಂದಾಗಲಿ ನಾನು ಹೇಳುವುದಿಲ್ಲ. ಉಪವಾಸ ಎಂದು ಹೇಳುತ್ತೇನೆ. ಇದನ್ನು ಕೇಳಿ ನಗುವವರು ಒಂದೋ ಗಂಡಸರು, ಇಲ್ಲವೇ ಕಿರಾಣಿ ಅಂಗಡಿಯ ಮೆಟ್ಟಿಲು ಹತ್ತದವರು. ಮಾಮೂಲಿ ದಿನ ಮನುಷ್ಯನ ಹೊಟ್ಟೆಗೆ ಎರಡು ಜೋಳದ ರೊಟ್ಟಿ, ಒಂದಿಷ್ಟು ಪಲ್ಯ, ಮೇಲೆ ಮಜ್ಜಿಗೆ ಸಾಕು. ಇವತ್ತು ಏನೂ ಉಣ್ಣುವುದಿಲ್ಲ ಎಂದು ನಿಶ್ಚಯಿಸಿದ ದಿನ ಮಾತ್ರ ಅದೇ ಹೊಟ್ಟೆಗೆ ಸಾಬೂದಾಣಿ ಬೇಕು, ಶೇಂಗಾ ಬೇಕು, ಬಟಾಟಿ ಬೇಕು, ತುಪ್ಪ ಬೇಕು, ಬಾಳೆಹಣ್ಣು ಬೇಕು, ಮಲಗುವ ಮುಂಚೆ ಸಕ್ಕರೆ ಹಾಕಿದ ಕೆನೆಹಾಲು ಬೇಕು. ಈ ಸತ್ಯವನ್ನು ನಾನು ಹುಕ್ಕೇರಿಯ ನಮ್ಮ ಅಡುಗೆಮನೆಯಲ್ಲಿ ಹೊಗೆಗೆ ಕಣ್ಣು ಉಜ್ಜಿಕೊಳ್ಳುತ್ತ ಕಲಿತೆ. ಕಲಿತದ್ದರಿಂದಲೇ ಮುಂದೆ ಕನ್ನಡ ಸಾಲಿಯಲ್ಲಿ ಕಲಿಸುವ ಅಕ್ಕೋರಾದೆ. ಅದು ಹೇಗಾಯಿತೆಂದು ಹೇಳುವ ಚಪಲ ನನಗೆ ಬಹಳ ದಿನದಿಂದ ಇದೆ. ಗೆದ್ದವರಿಗೆ ಸುಮ್ಮನೆ ಕೂಡುವುದು ಕಷ್ಟ.

ನಾನು ಕುಲಗೋಡದ ಹುಡುಗಿ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮರುವರ್ಷವೇ ಮದುವೆಯಾಗಿ ಹುಕ್ಕೇರಿಗೆ ಬಂದೆ. ತವರಿನಲ್ಲಿ ಖರ್ಚು ಕಡಿಮೆ ಮಾಡುವ ಮಾತನ್ನೇ ನಾನು ಕೇಳಿದವಳಲ್ಲ. ಹಿತ್ತಲಿಗೆ ಹೋದರೆ ಪಲ್ಯ, ಕೊಟ್ಟಿಗೆಗೆ ಹೋದರೆ ಹಾಲು. ಊಟದ ಹೊತ್ತಿಗೆ ನಾಲ್ಕು ಮಂದಿ ಬಂದರೆ ನಮ್ಮವ್ವ ಇನ್ನೊಂದಿಷ್ಟು ಹಿಟ್ಟು ನಾದಿಕೊಳ್ಳುತ್ತಿದ್ದಳು, ಅಷ್ಟೆ. ಹುಕ್ಕೇರಿಯದು ಪಗಾರದ ಮನೆ. ನಮ್ಮವರು ಒಂದು ಸರಕಾರಿ ಕಚೇರಿಯಲ್ಲಿ ಲೆಕ್ಕದ ಗುಮಾಸ್ತರು. ಊರ ಖರ್ಚನ್ನೆಲ್ಲ ಪೈಸೆ ಬಿಡದೆ ಹೊಂದಿಸುವ ಆ ಮನುಷ್ಯನಿಗೆ ತನ್ನ ಛತ್ರಿ ಯಾರ ಮನೆಯಲ್ಲಿ ಉಳಿಯಿತೆಂಬ ಲೆಕ್ಕ ಮಾತ್ರ ಎಂದೂ ಸಿಗುತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದು ನಾವು ಮೂವರೇ: ಅವರು, ನಾನು, ನಮ್ಮ ಅತ್ತೆಯವರು. ಮಕ್ಕಳಿನ್ನೂ ಆಗಿರಲಿಲ್ಲ. ಆ ವಿಷಯದ ಚಿಂತೆಯನ್ನು ಓಣಿಯ ಹೆಂಗಸರು ನನ್ನ ಪಾಲಿನದನ್ನೂ ಸೇರಿಸಿ ಮಾಡುತ್ತಿದ್ದುದರಿಂದ ನನಗೆ ಬೇರೆ ಚಿಂತೆ ಮಾಡಲು ಪುರುಸೊತ್ತಿತ್ತು.

ಆ ಬೇರೆ ಚಿಂತೆ ಎಂದರೆ ಬೆಳಗಾವಿಯ ಟ್ರೇನಿಂಗ್ ಸಾಲಿ. ಮುಲ್ಕಿ ಪಾಸಾದ ಹೆಣ್ಣುಮಕ್ಕಳಿಗೆ ಅಲ್ಲಿ ಶಿಕ್ಷಕಿಯ ತರಬೇತಿ ಸಿಗುತ್ತಿತ್ತು, ಮುಗಿಸಿದರೆ ನೌಕರಿ. ಸೇರಬೇಕಾದರೆ ಹಾಸ್ಟೆಲಿಗೆ ಮುಂಗಡ ಕಟ್ಟಬೇಕು, ಪುಸ್ತಕ ಕೊಳ್ಳಬೇಕು, ನಾಲ್ಕು ಮಂದಿಯ ನಡುವೆ ಉಡುವಂಥ ಸೀರೆ ಬೇಕು, ಒಂದು ಟ್ರಂಕು ಬೇಕು. ಒಂದು ದಿನ ಧೈರ್ಯ ಮಾಡಿ ನಮ್ಮವರ ಮುಂದೆ ಮಾತೆತ್ತಿದೆ. ಅವರು ಕೆಟ್ಟವರಲ್ಲ, ಬೇಡ ಎನ್ನಲು ಬಾರದ ಸ್ವಭಾವ. ಅಂಥವರು ಏನು ಮಾಡುತ್ತಾರೋ ಅದನ್ನೇ ಮಾಡಿದರು, ಆಗದ ಶರತ್ತು ಹಾಕಿದರು.

"ಪಗಾರಕ್ಕ ಕೈ ಹಚ್ಚಾಕ ಆಗಂಗಿಲ್ಲ. ಕಿರಾಣಿಗಂತ ನಿನ್ನ ಕೈಯಾಗ ಕೊಡತೇನಲ್ಲ, ಅದರಾಗ ಉಳಿಸು. ಜೂನ್ ತನಕ ಅಷ್ಟ ಉಳೀತಂದ್ರ ನಾನ ಬಸ್ ಹತ್ತಿಸಿ ಬರತೇನಿ."

ಇಷ್ಟು ಹೇಳಿ ನಿರಾಳವಾಗಿ ಪೇಪರು ಬಿಚ್ಚಿದರು. ಆ ಪೇಪರಿನ ತುಂಬ ದೇಶದ ಯೋಜನೆಗಳದೇ ಸುದ್ದಿ, ಅಲ್ಲೊಂದು ಅಣೆಕಟ್ಟು, ಇಲ್ಲೊಂದು ಕಾರ್ಖಾನೆ. ಇಡೀ ದೇಶ ಯೋಜನೆ ಹಾಕಿಕೊಂಡು ಕೂತಿರುವಾಗ ನಾನೊಬ್ಬಳು ಹಾಕಿದರೆ ಯಾರಪ್ಪನ ಗಂಟು ಹೋಗುತ್ತದೆ ಎಂದುಕೊಂಡೆ. ಆಗಷ್ಟೇ ದೀಪಾವಳಿ ಮುಗಿದಿತ್ತು, ಜೂನ್ ದೂರವಿತ್ತು.

ಯೋಜನೆಯನ್ನು ಬರೆದಿಡಲಿಲ್ಲ. ಬರೆದರೆ ನಮ್ಮವರು ಓದುತ್ತಿದ್ದರು, ಓದಿದರೆ ತಿದ್ದುತ್ತಿದ್ದರು. ವಾರದ ಅಡುಗೆಯನ್ನು ತಲೆಯಲ್ಲೇ ಹೊಂದಿಸಿದೆ. ಸಂತೆಗೆ ಮುಂಜಾನೆ ಹೋಗುವುದನ್ನು ಬಿಟ್ಟು ಹೊತ್ತು ಇಳಿದ ಮೇಲೆ ಹೋಗತೊಡಗಿದೆ. ಹಳ್ಳಿಗೆ ಹೊರಳುವ ಅವಸರದಲ್ಲಿ ಉಳಿದ ಕಾಯಿಪಲ್ಯವನ್ನು ರಾಶಿ ಹಾಕಿ, ಸಿಕ್ಕಷ್ಟಕ್ಕೆ ಕೊಟ್ಟು ಏಳುವ ಹೊತ್ತು ಅದು. ಬೇಗ ಬಾಡುವ ತಪ್ಪಲುಪಲ್ಯ ಮೊದಲು, ತಡೆಯುವ ಬದನೆ ಹೀರೆ ಆಮೇಲೆ, ವಾರದ ಕೊನೆಗೆ ಕಾಳು ಮತ್ತು ಹಿಂಡಿ ಚಟ್ನಿ. ಇಂದಿನ ಬೇಳೆಯ ಕಟ್ಟು ನಾಳೆಯ ಸಾರು. ಎಣ್ಣೆಯನ್ನು ಕೈಯಳತೆಯಲ್ಲಿ ಸುರಿಯುವುದನ್ನು ಬಿಟ್ಟು ಚಮಚ ಹಿಡಿದೆ. ಚಹಕ್ಕೆ ಸಕ್ಕರೆಯ ಬದಲು ಬೆಲ್ಲ ಹಾಕಿದೆ, ಹಾಲು ಒಡೆಯಿತು. ನಮ್ಮವರು ಆ ಚಹದೊಳಗೆ ತೇಲುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, ಅಂದಿನಿಂದ ಕಚೇರಿಯಲ್ಲಿ ಚಹಾ ಕುಡಿಯುವ ರೂಢಿ ಮಾಡಿಕೊಂಡರು. ಇಷ್ಟೆಲ್ಲ ಮಾಡಿ ತಿಂಗಳ ಕೊನೆಗೆ ನೋಡಿದರೆ ಉಳಿದದ್ದು ಟ್ರಂಕಿನ ಕೀಲಿಗೂ ಸಾಲುತ್ತಿರಲಿಲ್ಲ. ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಹೊಗೆ ಎಂದು ಅತ್ತೆಯವರು ತಿಳಿದುಕೊಂಡರು, ಅಥವಾ ಹಾಗೆಂದು ನಾನು ತಿಳಿದುಕೊಂಡೆ.

ಜೋಳ ನಮ್ಮದೇ ಹೊಲದ್ದು. ಮೆಣಸಿನಕಾಯಿ, ಶೇಂಗಾ ತಕ್ಕಮಟ್ಟಿಗೆ ತವರಿನಿಂದ ಬರುತ್ತಿತ್ತು. ಹಾಗಾದರೆ ರೊಕ್ಕ ಹೋಗುತ್ತಿದ್ದುದು ಎಲ್ಲಿಗೆ? ಉತ್ತರ ಕಿರಾಣಿ ಅಂಗಡಿಯವರ ಮುಖದ ಮೇಲಿತ್ತು. ಉಪ್ಪು, ಸಾಸಿವೆ ಕೊಳ್ಳಲು ಹೋದ ದಿನ ಅವರು ಕೂತಲ್ಲಿಂದಲೇ ಗದ್ದ ಎತ್ತಿ ಮಾತಾಡಿಸುತ್ತಿದ್ದರು. ರವಿವಾರ ಸಂಜೆ ಹೋದರೆ ಮಾತ್ರ ಗಾದಿ ಬಿಟ್ಟು ಎದ್ದು, ಬರ್ರಿ ಬಾಯಾರ, ಸೋಮಾರದ ಸಾಮಾನು ಕಟ್ಟಿ ಇಟ್ಟೇನಿ ಎನ್ನುತ್ತಿದ್ದರು. ಒಬ್ಬ ವ್ಯಾಪಾರಿ ನಮ್ಮನ್ನು ನೋಡಿ ಎದ್ದು ನಿಲ್ಲುತ್ತಾನೆಂದರೆ ನಮ್ಮ ಮನೆಯಲ್ಲಿ ಎಲ್ಲೋ ತೂತು ಬಿದ್ದಿದೆ ಎಂದೇ ಅರ್ಥ.

ತೂತು ಬಿದ್ದದ್ದು ಭಕ್ತಿಯಲ್ಲಿ. ನಮ್ಮದು ಲಿಂಗವಂತರ ಮನೆ. ಕೊರಳಲ್ಲಿ ಲಿಂಗ, ದಿನಾ ಪೂಜೆ. ಅಷ್ಟಕ್ಕೇ ಶಿವ ಮೆಚ್ಚಬೇಕಿತ್ತು. ಆದರೆ ಅತ್ತೆಯವರ ತವರು ಸಂಕೇಶ್ವರ, ಅಲ್ಲಿ ಬಾಜೂ ಮನೆಯವರೆಲ್ಲ ಕೊಲ್ಹಾಪುರದ ಕಡೆಯವರು. ಅವರ ಏಕಾದಶಿ, ಸಂಕಷ್ಟಿ, ಗುರುವಾರಗಳು ಅತ್ತೆಯವರ ಬೆನ್ನು ಹತ್ತಿ ಹುಕ್ಕೇರಿಗೆ ಬಂದು ನಮ್ಮ ಸೋಮವಾರದ ಜೊತೆ ಸೇರಿಕೊಂಡಿದ್ದವು. ಶನಿವಾರ ಹನುಮಪ್ಪನದು. ಅತ್ತೆಯವರು ಯಾವ ದೇವರಿಗೂ ಇಲ್ಲ ಎಂದವರಲ್ಲ. ಉಪವಾಸದ ದಿನ ಮನೆಯಲ್ಲಿ ಎರಡು ಅಡುಗೆ, ಉಣ್ಣುವವರಿಗೊಂದು, ಉಣ್ಣದವರಿಗೊಂದು. ಉಣ್ಣದವರ ತಿಂಡಿಗೆ ನಮ್ಮ ಕಡೆ ಫರಾಳ ಎನ್ನುತ್ತಾರೆ. ನಮ್ಮವರು ರೊಟ್ಟಿಯ ಊಟ ಮುಗಿಸಿ, ಕೈ ತೊಳೆದು, ಅವ್ವನ ಫರಾಳಕ್ಕೂ ಬಂದು ಕೂಡುತ್ತಿದ್ದರು. ಉಪವಾಸ ಮಾಡದವರೂ ಪ್ರಸಾದ ಬಿಡಬಾರದೆಂಬುದು ಅವರ ಸಿದ್ಧಾಂತ.

ಅತ್ತೆಗೆ ಉಪವಾಸ ಬಿಡಿ ಎಂದು ಹೇಳುವ ಸೊಸೆ ಆ ಕಾಲದಲ್ಲಿ ಇರಲಿಲ್ಲ. ಇದ್ದಿದ್ದರೆ ತವರಿನಲ್ಲಿ ಇರುತ್ತಿದ್ದಳು. ಹೇಳಲಾಗದ್ದನ್ನು ಬೇಯಿಸಿ ತೋರಿಸಬೇಕಾಯಿತು. ಅತ್ತೆಯವರ ಜೀವ ಯಾವುದರ ಮೇಲಿದೆ ಎಂಬುದು ನನಗೆ ಗೊತ್ತಿತ್ತು. ಬದನೆಕಾಯಿಯ ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ ಹಾಕಿದ ಝುಣಕ, ನುಚ್ಚಿನ ಜೊತೆ ಪುಂಡಿಪಲ್ಯ. ಮೂರೂ ಸಾಬೂದಾಣಿಗಿಂತ ಅಗ್ಗ. ಅದುವರೆಗೆ ಇವನ್ನು ವಾರದ ಉಳಿದ ದಿನಗಳಲ್ಲಿ ಮಾಡುತ್ತಿದ್ದೆ. ಈಗ ವಾರವನ್ನು ಪೂರ್ತಿ ಮಗುಚಿ ಹಾಕಿದೆ. ಎಣ್ಣೆಗಾಯಿ ಸೋಮವಾರಕ್ಕೆ, ಝುಣಕ ಗುರುವಾರಕ್ಕೆ, ಪುಂಡಿಪಲ್ಯ ಶನಿವಾರಕ್ಕೆ. ಉಪವಾಸವಿಲ್ಲದ ದಿನ ತಿಳಿಸಾರು. ದೇವರನ್ನಿಡುವ ಮಾಡ ಅಡುಗೆಮನೆಯ ಗೋಡೆಯಲ್ಲೇ ಇತ್ತು. ಅತ್ತೆಯವರು ಕಣ್ಣು ಮುಚ್ಚಿ ಕೂತ ಗಳಿಗೆ ನೋಡಿ ನಾನು ಒಗ್ಗರಣೆ ಹಾಕುತ್ತಿದ್ದೆ. ಮೊದಲ ಸೋಮವಾರ ಮಂತ್ರ ಮೂರು ಸಲ ತಪ್ಪಿತು. ಪೂಜೆ ಮುಗಿಸಿ ಎದ್ದವರನ್ನು ನಾನು ಬಾಗಿಲಲ್ಲೇ ಹಿಡಿದೆ.

"ಅತ್ತೀ, ಉಪ್ಪು ಒಂದೀಟ ನೋಡ್ರಿ. ನನಗ ತಿಳಿವಲ್ದು."

"ಇಂದ ಸೋಮಾರ ಐತಿ ತಂಗಿ."

ಉಪ್ಪು ನೋಡಿದರೆ ಉಪವಾಸ ಮುರಿಯುವುದಿಲ್ಲವೆಂದು ನಮ್ಮವ್ವ ಹೇಳುತ್ತಿದ್ದಳು ಎಂದೆ. ನಮ್ಮವ್ವ ಅಂಥ ಮಾತನ್ನು ಯಾವ ಜನ್ಮದಲ್ಲೂ ಹೇಳಿದವಳಲ್ಲ. ಒಲೆಯ ಪಕ್ಕ ಮಣೆ ಹಾಕಿ, ಹಂಚಿನಿಂದ ಆಗತಾನೇ ಉಬ್ಬಿ ಎದ್ದ ರೊಟ್ಟಿಯನ್ನು ತಾಟಿಗೆ ಹಾಕಿ, ಮೇಲೆ ಎಣ್ಣೆಗಾಯಿ ಇಟ್ಟೆ. ನಮ್ಮ ಮನೆಯಲ್ಲಿ ಮೊದಲು ಗಂಡಸರ ಊಟ, ಬಂದವರು ಹೋದವರು ಇದ್ದರೆ ಅವರದು, ಆಮೇಲೆ ಅತ್ತೆಯವರದು, ಕೊನೆಗೆ ನನ್ನದು. ಆದರೆ ಆರಿದ ರೊಟ್ಟಿಯಿಂದ ಯಾವ ಉಪವಾಸವೂ ಮುರಿಯುವುದಿಲ್ಲ. ಆದ್ದರಿಂದ ಅವರನ್ನು ಎಲ್ಲರಿಗಿಂತ ಮುಂಚೆ ಕೂಡಿಸಿದೆ. ಅತ್ತೆಯವರು ಅತ್ತಿತ್ತ ನೋಡಿ ಕೂತರು. ಉಪ್ಪು ನೋಡಲು ಒಂದು ರೊಟ್ಟಿ ಹಿಡಿಯಿತು. ಉಪ್ಪು ಸರಿ ಇತ್ತು, ಖಾರದ ಬಗ್ಗೆ ಅನುಮಾನ ಬಂತು, ಅದಕ್ಕೊಂದು ರೊಟ್ಟಿ ಹಿಡಿಯಿತು.

ಆಮೇಲೆ ಉಪವಾಸಗಳು ಒಂದೊಂದಾಗಿ ಉದುರತೊಡಗಿದವು. ಗುರುವಾರದ ಹರಕೆ ಮಗನ ನೌಕರಿಗೆಂದು ಹೊತ್ತದ್ದು, ನೌಕರಿ ಕಾಯಂ ಆಗಿ ಕಾಲವಾಯಿತೆಂದು ಅವರಿಗೆ ಒಮ್ಮೆಲೇ ನೆನಪಾಯಿತು. ಶನಿವಾರಕ್ಕೆ ಮೊಣಕಾಲು ನೋವು ಅಡ್ಡ ಬಂತು. ಲಿಂಗವಂತರಿಗೆ ಏಕಾದಶಿ ಯಾಕೆ ಎಂದು ಒಂದು ಮುಂಜಾನೆ ನನ್ನನ್ನೇ ಕೇಳಿದರು, ನಾನು ಹಾಕಿಕೊಟ್ಟ ರೂಢಿಯೇನೋ ಎಂಬಂತೆ. ಸೋಮವಾರ ಎಲ್ಲಕ್ಕಿಂತ ಗಟ್ಟಿ, ಅದೂ ಶಿವರಾತ್ರಿ ದಾಟುವಷ್ಟರಲ್ಲಿ ಹೋಯಿತು. ಅಂಗಡಿಯವರು ನಮ್ಮವರನ್ನು ದಾರಿಯಲ್ಲಿ ನಿಲ್ಲಿಸಿ, ಅವ್ವಾರು ಆರಾಮ ಅದಾರೇನ್ರಿ ಎಂದು ಕಾಳಜಿಯಿಂದ ಕೇಳಿದರಂತೆ. ಉಗಾದಿಯ ಹೊತ್ತಿಗೆ ನಾನು ಟ್ರಂಕಿನ ಬಣ್ಣ ಯಾವುದಿರಬೇಕೆಂದು ಯೋಚಿಸುತ್ತಿದ್ದೆ. ರೊಟ್ಟಿ ಬಡಿಯುವಾಗ ನನಗೇ ಗೊತ್ತಿಲ್ಲದೆ ಹಾಡು ಬರುತ್ತಿತ್ತು.

ಬೇಸಿಗೆಯಲ್ಲಿ ಯಮಕನಮರಡಿಯಿಂದ ನಮ್ಮವರ ಅಕ್ಕ ಬಂದರು. ಬಂದದ್ದು ಸೋಮವಾರ, ಬಾಗಿಲಲ್ಲಿ ಕಾಲಿಟ್ಟಾಗ ಕಂಡದ್ದು ಒಲೆಯ ಪಕ್ಕ ಕೂತು ಎಣ್ಣೆಗಾಯಿ ತಿನ್ನುತ್ತಿರುವ ತಾಯಿ. ಅವರು ಚೀಲ ಕೆಳಗಿಡದೆ ಎಲ್ಲವನ್ನೂ ವಿಚಾರಿಸಿದರು. ಉಪವಾಸಗಳು ಯಾವಾಗ ನಿಂತವು, ಸೊಸೆ ಎಲ್ಲಿಗೆ ಹೊರಟಿದ್ದಾಳೆ, ರೊಕ್ಕ ಎಲ್ಲಿಂದ ಬಂತು. ಎರಡಕ್ಕೆ ಎರಡು ಕೂಡಿಸಲು ಅವರಿಗೆ ಗುಮಾಸ್ತರ ಸಹಾಯ ಬೇಕಾಗಲಿಲ್ಲ.

"ನಮ್ಮವ್ವನ ಪುಣ್ಯಾ ಕಡದು ನೀ ಟ್ರಂಕು ತುಂಬತಿ ಏನು?" ಎಂದು ನನ್ನನ್ನು ಕೇಳಿದರು. ಬರುವ ಗುರುವಾರದಿಂದ ಎಲ್ಲ ಉಪವಾಸವೂ ಮೊದಲಿನಂತೆ ನಡೆಯಬೇಕು, ಅಲ್ಲಿಯವರೆಗೆ ತಾವು ಇಲ್ಲೇ ಇರುವವರು ಎಂದರು. ನನ್ನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. ನಮ್ಮವರು ಪೇಪರಿನ ಹಿಂದೆ ಇದ್ದರು, ಪೇಪರು ಅಲ್ಲಾಡಲಿಲ್ಲ. ಇನ್ನು ಸಾಬೂದಾಣಿ ಬರುತ್ತದೆ, ಜೂನ್ ಹೋಗುತ್ತದೆ ಎಂದು ನನಗೆ ಖಾತ್ರಿಯಾಯಿತು. ಆಗ ಅತ್ತೆಯವರು, ತಾಟಿನಿಂದ ಕೈ ತೆಗೆಯದೆ, ಮಗಳ ಕಡೆ ತಿರುಗಿದರು.

"ಈ ಮನಿಗೆ ಬಂದಾಗಿಂದ ರೊಟ್ಟಿ ಬಡದೇನಿ. ಬಿಸೀದು ಎಲ್ಲಾರಿಗೂ ಹಾಕೀನಿ. ನಾ ಉಣ್ಣಾಕ ಕುಂತಾಗ ಪಲ್ಯಾ ಇದ್ರ ರೊಟ್ಟಿ ಇಲ್ಲ, ರೊಟ್ಟಿ ಇದ್ರ ಪಲ್ಯಾ ಇಲ್ಲ. ಉಪಾಸ ಅಂದ ದಿನಾ ಅಷ್ಟ ನನಗಂತ ಒಂದ ಬೋಗಾಣಿ ಒಲಿ ಮ್ಯಾಲೆ ಏರತಿತ್ತು. ದೇವರ ಹೆಸರಿತ್ತಲ್ಲ, ಯಾರೂ ಏನೂ ಅಂತಿದ್ದಿಲ್ಲ. ಈಗ ಈಕಿ ನನ್ನ ಮೊದಲ ಕೂಡಿಸಿ ಬಿಸೀದು ಹಾಕತಾಳ. ಇನ್ನ ಯಾಕ ಉಪಾಸ ಮಾಡ್ಲಿ?"

ಪೇಪರು ಮಡಚಿದ ಸಪ್ಪಳ ಕೇಳಿಸಿತು. ಅಕ್ಕ ಚೀಲ ಇಳಿಸಿದರು, ತಾಯಿಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. ಹಂಚಿನ ಮೇಲಿನ ರೊಟ್ಟಿಯನ್ನು ನಾನು ಅವರ ಮುಂದಿಟ್ಟೆ. ಅವರೂ ಸೋಮವಾರ ಹಿಡಿಯುವವರೇ. ಆದರೂ ಮುರಿದು ಬಾಯಿಗಿಟ್ಟರು. ನನಗೆ ಮಾತ್ರ ಕಣ್ಣು ತುಂಬಿ ಬಂತು, ಈ ಸಲ ಹೊಗೆಯ ಮೇಲೆ ಹಾಕಲೂ ಮನಸ್ಸಾಗಲಿಲ್ಲ. ಬದನೆಕಾಯಿಯಿಂದ ದೇವರುಗಳನ್ನೇ ಸೋಲಿಸಿದ ಜಾಣೆ ಎಂದು ತಿಂಗಳುಗಟ್ಟಲೆ ಒಳಗೊಳಗೇ ಬೀಗಿದವಳು ನಾನು. ಗೆದ್ದದ್ದು ಬಿಸಿ ರೊಟ್ಟಿ. ಅದನ್ನು ನಾನು ಇಲಿಯ ಬೋನಿಗೆ ಕೊಬ್ಬರಿ ಸಿಕ್ಕಿಸುವ ಲೆಕ್ಕದಲ್ಲಿ ಇಟ್ಟಿದ್ದೆ.

ಜೂನ್‌ನಲ್ಲಿ ನಮ್ಮವರು ಮಾತು ಉಳಿಸಿಕೊಂಡರು. ಟ್ರಂಕನ್ನು ತಾವೇ ಹೊತ್ತು ಬಸ್ಸಿನ ಮೇಲೆ ಏರಿಸಿದರು, ಛತ್ರಿಯನ್ನು ಅಲ್ಲೇ ಬಿಟ್ಟರು. ಮುಂದೆ ಆ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು, ಮೊದಲು ಉಣ್ಣುವವರು ಯಾರು ಎಂಬುದನ್ನು ತಾಯಿ ಮಗ ನನ್ನ ಮುಂದೆಯೇ ನಿಕ್ಕಿ ಮಾಡಿಕೊಂಡಿದ್ದರು. ಬಡಿಯುವುದು ತಾಯಿ, ಹಂಚಿನ ಮುಂದೆ ಕೂತು ಬೇಯಿಸಿ ತಾಯಿಯ ತಾಟಿಗೆ ಮೊದಲು ಹಾಕುವುದು ಮಗ. ನಾನು ಗೆದ್ದ ಗೆಲುವುಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು; ಇದಕ್ಕಾಗಿ ನಾನು ಯಾವ ಯೋಜನೆಯನ್ನೂ ಹಾಕಿರಲಿಲ್ಲ. ಬಸ್ಸು ಹೊರಡುವಾಗ ಅತ್ತೆಯವರು ಕಿಟಕಿಯ ಹತ್ತಿರ ಬಂದು, ಬಾಜೂ ಕೂತವರಿಗೆ ಕೇಳದಂತೆ, "ಮಂದಿ ಬಾಳ ಇರೋ ಕಡೆ ಊಟ ನೀರನೀರ ಇರತೈತಿ. ತಡಕೊಳ್ಳಾಕ ಆಗಲಿಲ್ಲಂದ್ರ ಸೋಮಾರ ಹಿಡಿ" ಎಂದರು.

ನಾನು ನಕ್ಕೆ. ಉಪವಾಸದ ಖರ್ಚನ್ನು ಉಳಿಸಿಯೇ ಬೆಳಗಾವಿ ಕಂಡವಳು ನಾನು. ಅಂಥವಳಿಗೆ ಈ ಬುದ್ಧಿಮಾತೇ ಎನಿಸಿತು. ಹಾಸ್ಟೆಲಿನ ಅಡುಗೆಯವರು ನನಗಿಂತ ದೊಡ್ಡ ಯೋಜನೆಗಾರರು ಎಂಬುದು ಮೊದಲ ದಿನವೇ ತಿಳಿಯಿತು. ಸಾರಿನಲ್ಲಿ ಬೇಳೆಯ ನೆರಳಿತ್ತು, ರೊಟ್ಟಿ ಹಿಂದಿನ ದಿನದ್ದೋ ಅದರ ಹಿಂದಿನದ್ದೋ ಹೇಳುವಂತಿರಲಿಲ್ಲ. ಆ ರವಿವಾರ ಸಂಜೆ ಹಾಸ್ಟೆಲು ನೋಡಿಕೊಳ್ಳುವ ಬಾಯಾರು ಬಂದು, ನಾಳೆ ಸೋಮವಾರ, ಉಪವಾಸ ಇರುವವರು ಕೈ ಎತ್ತಬೇಕು, ಅವರಿಗೆ ಬಿಸಿ ಸಾಬೂದಾಣಿ ಖಿಚಡಿ, ಬಾಳೆಹಣ್ಣು, ಹಾಲು ಬೇರೆ ಮಾಡಿಸಬೇಕಾಗುತ್ತದೆ ಎಂದರು. ದೇವರ ಮೇಲಿನ ಭಕ್ತಿ ನನ್ನ ಮೈಯಲ್ಲಿ ಅಷ್ಟು ಜೋರಾಗಿ ಎಂದೂ ಉಕ್ಕಿರಲಿಲ್ಲ. ಇಡೀ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಎದ್ದ ಕೈ ನನ್ನದು.