ಅಣ್ಣನ ಗ್ರಾಫಿಕ್ಸ್ ಕಾರ್ಡಿಗೆ ಆಯುಧಪೂಜೆ

ಒಂದು ವೈರು ಮುಟ್ಟಿದ್ದೇನೆ ಎಂದು ಹೇಳಲು ಒಂದು ಇಡೀ ಮಧ್ಯಾಹ್ನ ನನಗೆ ಬಾಯಿ ಬರಲಿಲ್ಲ. ಹೇಗೆ ಬರಬೇಕು? ವೈರು ನಮ್ಮಣ್ಣನದು. ನೆಂಟರಿಗೆ ಬೀಸಣಿಕೆ ಕೊಟ್ಟು ಕಂಪ್ಯೂಟರಿಗೆ ಫ್ಯಾನ್ ಹಚ್ಚುವವನು ಜಗತ್ತಿನಲ್ಲಿ ಅವನೊಬ್ಬನೇ!

ಸುಳ್ಳಲ್ಲ. ಹೈದರಾಬಾದಿನ ಬೇಸಿಗೆಯಲ್ಲಿ ಬೀದರಿನಿಂದ ಬಂದ ಸೋದರಮಾವ ಬೆವರಿನಲ್ಲಿ ತೊಯ್ದು ಕೂತಿದ್ದ. "ಏನಲೇ, ಆ ಡಬ್ಬಿಗೇನು ಜ್ವರ ಬಂದಾವೇನು?"

"ಮಾವಾ, ನಿಮಗ ಬೆವರು ಬರ್ತೈತಿ, ತಣ್ಣಗಾಗ್ತೀರಿ. ಅದಕ್ಕ ಬೆವರು ಬರಂಗಿಲ್ಲ. ಅದೇನು ಮಾಡಬೇಕು ಪಾಪ?"

ಮಾವ ಬೀಸಿಕೊಳ್ಳುವುದನ್ನೇ ಮರೆತ!

ಅಣ್ಣ ಸನತ್‌ನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇಥ್ ಯಂತ್ರ ನಡೆಸುತ್ತಿದ್ದ. ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಪರೀಕ್ಷೆ ಪಾಸಾದರೆ ನಕ್ಷೆ ವಿಭಾಗದಲ್ಲಿ ಕುರ್ಚಿ ಕೊಡುತ್ತೇವೆ ಎಂದರು ಸಾಹೇಬರು. ಅಣ್ಣ ಹಳೆಯ ಕಂಪ್ಯೂಟರೊಂದನ್ನು ತಂದು ಕಲಿಯತೊಡಗಿದ. ಆದರೆ ಅದರ ಪರದೆಯ ಮೇಲೆ ಒಂದು ನಟ್ಟಿನ ಚಿತ್ರ ತಿರುಗುವಷ್ಟರಲ್ಲಿ ನನ್ನ ರೊಟ್ಟಿ ಬಡಿಯುವುದೇ ಮುಗಿಯುತ್ತಿತ್ತು! ಚಿತ್ರ ಚುರುಕಾಗಲು ಗ್ರಾಫಿಕ್ಸ್ ಕಾರ್ಡ್ ಹಾಕಬೇಕಂತೆ. ತಂದ.

ಅಂದಿನಿಂದ ಮನೆಯಲ್ಲಿ ಹೊಸ ಮಡಿ. ಮೈಯಲ್ಲಿರುವ ಕರೆಂಟು ತಾಗಿದರೆ ಕಾರ್ಡ್ ಕೆಡುತ್ತದೆ, ಕಬ್ಬಿಣ ಮುಟ್ಟಿದರೆ ಆ ಕರೆಂಟು ಇಳಿಯುತ್ತದೆ ಎಂದು ಯಾರೋ ಅವನ ತಲೆಯಲ್ಲಿ ತುಂಬಿದ್ದರು. "ಕಿಟಕಿ ಕಂಬಿ ಮುಟ್ಟಿ ಬಾ!" ಚಹಾ ಕೊಡಲು ಹೋದರೂ ಕಂಬಿ, ಕಸ ಗುಡಿಸಲು ಹೋದರೂ ಕಂಬಿ. ಕೊನೆಗೆ ಗುಡಿಗೆ ಹೋದರೂ ನನ್ನ ಕೈ ಕಿಟಕಿ ಹುಡುಕುತ್ತಿತ್ತು!

ಆಯುಧಪೂಜೆಯ ಬೆಳಿಗ್ಗೆ ಕಾರ್ಡ್ ಕೂಡಿಸಿದ. ಪರದೆಯ ವೈರನ್ನು ಹಳೆಯ ತೂತಿನಿಂದ ಕಿತ್ತು ಕಾರ್ಡಿನ ತೂತಿಗೆ ಸಿಕ್ಕಿಸಿದ. ಇನ್ನು ಮೇಲೆ ಚಿತ್ರ ಬರುವುದು ಈ ಹೊಸ ತೂತಿನಿಂದ ಮಾತ್ರವಂತೆ. ನಟ್ಟು ಬುಗುರಿಯಂತೆ ತಿರುಗಿತು. ಅಣ್ಣನೂ ತಿರುಗಿದ! ಕಂಪ್ಯೂಟರ್ ಆರಿಸಿ, ಓಣಿಯವರನ್ನೆಲ್ಲ ನೋಡಲು ಕರೆದು, ಸ್ನಾನಕ್ಕೆ ಹೋದ.

ಹಬ್ಬದ ದಿನ ಈಳಿಗೆ, ಸುತ್ತಿಗೆ, ಸೈಕಲ್ಲು ಎಲ್ಲಕ್ಕೂ ಪೂಜೆಯಾಗಿ ಕಂಪ್ಯೂಟರಿಗೆ ಇಲ್ಲವೆಂದರೆ ಹೇಗೆ? ಕಂಬಿ ಮುಟ್ಟಿದೆ. ವೈರುಗಳನ್ನೆಲ್ಲ ಕಿತ್ತು, ಒರೆಸಿ, ವಿಭೂತಿ ಹಚ್ಚಿ, ಹೂವಿಟ್ಟೆ. ವಾರವಾರ ಒರೆಸಿ ರೂಢಿಯಾದ ಕೈ, ವೈರುಗಳನ್ನು ತಮ್ಮ ತಮ್ಮ ಹಳೆಯ ಜಾಗಕ್ಕೇ ಸೇರಿಸಿತು.

ಓಣಿಯವರು ಬಂದರು. ಅಣ್ಣ ಗುಂಡಿ ಒತ್ತಿದ. ಪರದೆ ಕಪ್ಪು. ಮತ್ತೆ ಒತ್ತಿದ. ಮತ್ತೂ ಕಪ್ಪು.

"ಅರೇ ಭಾಯ್, ಶುರೂ ಮೇಂಚ್ ಇಂಟರ್ವಲ್?" ಎಂದರು ಪಕ್ಕದ ಮನೆಯ ಚಾಚಾ. ಶುರುವಿನಲ್ಲೇ ಇಂಟರ್ವಲ್ಲಾ ಎಂದು ಎಲ್ಲರೂ ನಕ್ಕು, ಪ್ರಸಾದ ತಿಂದು ಹೋದರು.

"ತಂಗೀ, ಯಾರಾರ ಮುಟ್ಟೀರೇನು?"

"ಇಲ್ಲಪಾ!" ಎಂದುಬಿಟ್ಟೆ. ಹೊಸ ತೂತಿನ ನೆನಪು ನನಗೆ ಬಂದದ್ದು ಅದೇ ಗಳಿಗೆಯಲ್ಲಿ. ಆದರೆ ಆಡಿದ ಸುಳ್ಳನ್ನು ನುಂಗುವುದು ಹೇಗೆ?

ಅಣ್ಣ ಊಟ ಮಾಡಲಿಲ್ಲ. ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಲೇಥ್ ಹಿಡಿದ ಕೈ ಭಾಳ ಒರಟು. ನಾನೇ ಕೆಡಿಸೀನಿ. ಪರೀಕ್ಷಾಕ್ಕ ಬರಂಗಿಲ್ಲಂತ ಹಬ್ಬ ಆದ ಮ್ಯಾಲ ಸಾಹೇಬರಿಗೆ ಹೇಳಿಬಿಡ್ತೀನಿ" ಎಂದ. ಆಮೇಲೆ ಕಂಪ್ಯೂಟರಿನ ಮುಂದೆ ಮಂಡಿಯೂರಿ ಕೂತು, ಕಣ್ಣು ಒರೆಸಿಕೊಂಡು, ಆ ಕಾರ್ಡಿಗೆ ಎರಡೂ ಕೈ ಮುಗಿದ. "ತಪ್ಪಾತಪಾ. ನನ್ನ ಕೈಯಾಗ ನೀನು ಬರಬಾರದಿತ್ತು."

ಅಷ್ಟು ದೊಡ್ಡ ಗಂಡಸು, ನಾನು ಮಾಡಿದ ತಪ್ಪಿಗೆ ಒಂದು ತಗಡಿನ ಡಬ್ಬಿಯ ಕ್ಷಮೆ ಕೇಳುತ್ತಿದ್ದ. ನಾನು ಅವನ ಪಕ್ಕದಲ್ಲಿ ಕೂತು ಆ ಮುಗಿದ ಕೈಗಳನ್ನು ಬಿಡಿಸಿ ಹಿಡಿದುಕೊಂಡೆ.

"ಅಣ್ಣಾ, ನಿನ್ನ ಕೈ ಏನೂ ಕೆಡಿಸಿಲ್ಲೋ. ವೈರ್ ಕಿತ್ತಾಕಿ ನಾನು, ಹಳೇ ತೂತಿಗೆ ಹಾಕಿದಾಕಿನೂ ನಾನು. ಸುಳ್ಳು ಹೇಳಿದೆ. ತಪ್ಪಾತೋ ಅಣ್ಣಾ."