ಜಪಾನಿ ಹುಡುಗನ ಜಾತಿ

ಶನಿವಾರ ಸಂಜೆ ಮನೆ ಮುಂದಿನ ಗ್ಯಾಲರಿಯಲ್ಲಿ ನಿಂತು ವೆಂಕಟಸುಬ್ಬಯ್ಯನವರು ಒಂದು ಮಾತು ಆಡದೆ ಇದ್ದಿದ್ದರೆ ಮರೆಪ್ಪನ ಭಾನುವಾರ ನೆಟ್ಟಗೆ ಕಳೆಯುತ್ತಿತ್ತು. ಅವರು ಆಡಿದ್ದು ಇಷ್ಟೇ:

"ಮರೆಪ್ಪ, ನಾಳೆ ಆ ಜಪಾನಿ ಕಾರ್ಟೂನು ಇನ್ನೊಂದು ಸಲ ಹಾಕೋಣ ಕಣಯ್ಯ. ಮೊದಲಿಂದ ಕೊನೇತನಕ. ಪಕ್ಕದಲ್ಲಿ ಕೂತು ನೀನು ಕನ್ನಡ ಮಾಡಿ ಹೇಳ್ಬೇಕು."

ಇದು ನಾಲ್ಕನೆಯ ಸಲ. ಮರೆಪ್ಪ "ಹೂನ್ರಿ ರಾಯರೇ" ಎಂದ. ಅವನಿಗೆ ಜಪಾನಿ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ.

ಮರೆಪ್ಪ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟೊಂದರಲ್ಲಿ ಫಿಟ್ಟರ್. ಹೋದ ವರ್ಷ, ತೊಂಬತ್ತೊಂದರಲ್ಲಿ, ಅವನ ಫ್ಯಾಕ್ಟರಿಗೆ ಜಪಾನಿನಿಂದ ಹಳೆಯ ಮಷಿನ್ನೊಂದು ಬಂತು. ಅದರ ಮರದ ಪೆಟ್ಟಿಗೆಯೊಳಗೆ ನಾಲ್ಕು ವಿಡಿಯೋ ಕ್ಯಾಸೆಟ್ಟುಗಳೂ ಇದ್ದವು. ಮಷಿನ್ ನಡೆಸುವ ಪಾಠವೇ ಇರಬೇಕೆಂದು ಮ್ಯಾನೇಜರು ಅವನ್ನು ಮರೆಪ್ಪನ ಕೈಗೆ ಕೊಟ್ಟು, "ದೇಖ್ ಕೇ ಸೀಖ್ ಲೋ", ನೋಡಿ ಕಲಿತುಕೋ, ಎಂದ. ಹಾಕಿ ನೋಡಿದರೆ ಮಷಿನ್ನಿನ ಸುಳಿವೇ ಇಲ್ಲ. ಬಟ್ಟಲುಗಣ್ಣಿನ ಹುಡುಗಿಯೊಬ್ಬಳು ಗಂಡಸರನ್ನು ಒದ್ದು ಒದ್ದು ಹಂಚಿನ ಮೇಲೆ ಕೂರಿಸುತ್ತಿದ್ದಳು. ಗರಡಿಮನೆಯ ಉಸ್ತಾದನ ಮಗಳು. ತನ್ನನ್ನು ಕುಸ್ತಿಯಲ್ಲಿ ಗೆದ್ದವನನ್ನೇ ಮದುವೆಯಾಗುವವಳು. ಒಬ್ಬ ಸೊಣಕಲು ಹುಡುಗ ಪ್ರತಿ ಕಂತಿನಲ್ಲೂ ಬಂದು ಒದೆ ತಿಂದು, ಮುಂದಿನ ಕಂತಿನಲ್ಲಿ ಪಟ್ಟಿ ಕಟ್ಟಿಕೊಂಡು ಮತ್ತೆ ಬರುತ್ತಿದ್ದ. ಕೊನೆಯ ಕಂತಿನಲ್ಲಿ ಅವಳೇ ಬೇಕೆಂದು ಕಾಲು ಜಾರಿ ಬಿದ್ದು ಸೋಲುತ್ತಿದ್ದಳು. ಇಷ್ಟು ತಿಳಿಯಲು ಜಪಾನಿ ಭಾಷೆ ಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು.

ಆದರೆ ಮರೆಪ್ಪನ ಬಳಿ ಟಿ.ವಿ. ಇರಲಿಲ್ಲ. ಅವನು ಬಾಡಿಗೆಗಿದ್ದ ಗೋರೆಗಾಂವಿನ ಮೂರು ಮಹಡಿಯ ಬಿಲ್ಡಿಂಗಿನಲ್ಲಿ ಬಣ್ಣದ ಟಿ.ವಿ. ಇದ್ದದ್ದು ವಿಮೆ ಕಚೇರಿಯ ಹೆಡ್‌ಕ್ಲರ್ಕ್ ವೆಂಕಟಸುಬ್ಬಯ್ಯನವರ ಮನೆಯಲ್ಲಿ. ಬಾಡಿಗೆಗೆ ತಂದ ವಿಸಿಆರನ್ನು ಅಲ್ಲೇ ಜೋಡಿಸಬೇಕಾಯಿತು. ಮೊದಲ ಸಲ ರಾಯರು, "ಏನಂತಾಳಯ್ಯ ಅವಳು?" ಎಂದು ಕೇಳಿದಾಗ ಮರೆಪ್ಪ ಊಹಿಸಿ, "ನಾಳಿ ಬಾ, ಇನ್ನೊಂದು ಕಾಲು ಮುರೀತೀನಿ ಅಂತಾಳ್ರಿ" ಎಂದ. ಮರುಕ್ಷಣವೇ ಪರದೆಯ ಮೇಲೆ ಹುಡುಗನ ಇನ್ನೊಂದು ಕಾಲಿಗೂ ಪಟ್ಟಿ ಬಂತು. ಅಂದಿನಿಂದ ಮರೆಪ್ಪನಿಗೆ ಜಪಾನಿ ಬರುತ್ತದೆ ಎಂದು ಬಿಲ್ಡಿಂಗು ತೀರ್ಮಾನಿಸಿತು.

ಬಿಲ್ಡಿಂಗಿನ ತೀರ್ಮಾನಗಳೇ ಹಾಗೆ. ಮರೆಪ್ಪನ ಅಪ್ಪ ವಿಜಾಪುರದ ಬಸ್‌ಸ್ಟ್ಯಾಂಡಿನೆದುರು ಚಪ್ಪಲಿ ಹೊಲಿಯುತ್ತಿದ್ದ ಎಂಬುದನ್ನು ಅವನು ಬಾಡಿಗೆಗೆ ಬಂದ ಮೂರನೆಯ ದಿನವೇ ಅದು ಪತ್ತೆಮಾಡಿತ್ತು. ಮುಂಬಯಿಯಲ್ಲಿ ಪಕ್ಕದ ಮನೆಯವನು ಸತ್ತದ್ದು ಗೊತ್ತಾಗಲು ವಾರ ಹಿಡಿಯಬಹುದು, ಜಾತಿ ಗೊತ್ತಾಗಲು ಅಷ್ಟೆಲ್ಲ ಬೇಡ. ರಾಯರ ಹಾಲ್‌ನಲ್ಲಿ ಅವನಿಗೆ ಬಾಗಿಲ ಬದಿಯ ಚಾಪೆ. ಅವನ ನೀರಿನ ಲೋಟಕ್ಕೆ ಕಿಟಕಿಯ ಕಟ್ಟೆಯೇ ಕಾಯಂ ವಿಳಾಸ. ಆರು ತಾಸು ಜಪಾನಿಗೆ ಕನ್ನಡ ಹೇಳಿ ಗಂಟಲೊಣಗಿದರೂ ಆ ವಿಳಾಸ ಬದಲಾಗಿರಲಿಲ್ಲ.

ಅಲ್ಲಿ ಅವನು ಕೂರುತ್ತಿದ್ದದ್ದು ಜಪಾನಿ ಹುಡುಗಿಗಾಗಿ ಅಲ್ಲ, ರಾಯರ ಮಗಳು ಕೌಸಲ್ಯಾಗಾಗಿ. ಬೆಳಿಗ್ಗೆ ಅವನ ಲೋಕಲ್ ಬೋರಿವಲಿ ಕಡೆಗೆ, ಅವಳದು ಚರ್ಚ್‌ಗೇಟ್ ಕಡೆಗೆ. ಎರಡೂ ಪ್ಲಾಟ್‌ಫಾರಂಗಳ ನಡುವಿನ ಸೇತುವೆಯ ಮೇಲೆ ದಿನಕ್ಕೆ ಎಂಟು ನಿಮಿಷದಂತೆ ಒಂದು ವರ್ಷದಿಂದ ಅವರ ಪ್ರೀತಿ ಬೆಳೆದಿತ್ತು.

ಭಾನುವಾರ ಬೆಳಿಗ್ಗೆ ಮರೆಪ್ಪ ವಿಸಿಆರನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಬರುತ್ತಿದ್ದಾಗ ಹಾಲಿನ ಬೂತಿನ ಬಳಿ ಕೌಸಲ್ಯಾ ತಡೆದಳು.

"ಸುನೋ. ಮುಂದಿನ ಸಂಡೇ ಬೆಂಗಳೂರಿಂದ ಹುಡುಗ ಬರ್ತಾ ಇದ್ದಾನೆ, ನನ್ನ ನೋಡೋಕೆ. ಇವತ್ತು ನೀನು ಅಪ್ಪನ್ನ ಕೇಳ್ಲೇಬೇಕು."

"ಇವತ್ತ? ಏನಂತ ಕೇಳ್ಲಿ?"

"ಪಿಕ್ಚರ್ ನೋಡ್ತಾ ಅಪ್ಪ ಪೂರಾ ಪಿಘಲ್, ಬೆಣ್ಣೆ ಹಾಗೆ ಕರಗಿ ಹೋಗ್ತಾರೆ. ಮಾತು ನಿಂದೇ ಅಲ್ವಾ? ಆ ಹುಡುಗನ್ನ ನಿನ್ನ ಹಾಗೇ ಮಾಡು. ಕೊನೇಲಿ ಅಪ್ಪ ಅಳೋವಾಗ ಕೇಳು, ಬಸ್."

"ರಾಯರು ಸಿಟ್ಟಿಗೆದ್ರ?"

"ಆ ಹುಡುಗ ಇಪ್ಪತ್ತು ಎಪಿಸೋಡ್ ಒದೆ ತಿಂತಾನೆ. ನಿಂಗೆ ಒಂದಾದ್ರೂ ಬೇಡ್ವಾ?"

ಹತ್ತು ಗಂಟೆಗೆ ಹಾಲ್ ತುಂಬಿತು. ರಾಯರು ಬೆತ್ತದ ಕುರ್ಚಿಯಲ್ಲಿ, ಅವರ ಹೆಂಡತಿ ಸುಬ್ಬಲಕ್ಷ್ಮಮ್ಮ ಹುರುಳಿಕಾಯಿ ಬುಟ್ಟಿಯೊಂದಿಗೆ ಅವರ ಪಕ್ಕದಲ್ಲಿ. ಕೆಳಗಿನ ಮನೆಯ ಬಟ್ಟೆ ವ್ಯಾಪಾರಿ ಶಂಕ್ರೆಪ್ಪ ಮಂಚದ ಅರ್ಧವನ್ನು ಹಿಡಿದ. ಉಳಿದರ್ಧವನ್ನು ಮೂಲೆಮನೆಯ ಬೆಳಗಾವಿಯ ನೀಲಾಬಾಯಿ ಹಿಡಿದಳು. ಕೌಸಲ್ಯಾ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಮೊದಲ ಹಾಡು ಬಂತು. ಮೂರು ಸಲ ಕೇಳಿದ್ದರಿಂದ ಸುಬ್ಬಲಕ್ಷ್ಮಮ್ಮನವರಿಗೆ ಅದು ಬಾಯಿಪಾಠವಾಗಿತ್ತು, ಹುರುಳಿಕಾಯಿ ಮುರಿಯುತ್ತ ಅದನ್ನು ಭಜನೆಯ ಧಾಟಿಯಲ್ಲಿ ಗುನುಗಿದರು.

ಸೊಣಕಲು ಹುಡುಗ ಬೆಟ್ಟ ಇಳಿದು ಬಂದ. ಮರೆಪ್ಪ ಹೇಳಿದ:

"ನಮ್ಮಪ್ಪ ಚಪ್ಪಲಿ ಹೊಲೀತಾನ, ನಾ ಅವನ ಮಗ, ಅಂತಾನ್ರಿ."

ಹುರುಳಿಕಾಯಿ ಮುರಿಯುವ ಸದ್ದು ನಿಂತಿತು.

"ಕಳೆದ ಸಲ ಅನಾಥ ಅಂದಿದ್ದೆಯಲ್ಲೋ?" ಎಂದರು ರಾಯರು.

"ಆವಾಗ ನನ್ನ ಜಪಾನಿ ಸ್ವಲ್ಪ ಕಚ್ಚಾ ಇತ್ರಿ. ಈಗ ನೋಡಿ ನೋಡಿ ಪಕ್ಕಾ ಆಗ್ಯದ."

ಈ ಉತ್ತರದಿಂದ ರಾಯರಿಗೆ ಸಮಾಧಾನವಾಯಿತು, ಶಂಕ್ರೆಪ್ಪನಿಗೆ ಆಗಲಿಲ್ಲ.

"ತಡೀ ತಮ್ಮಾ. ಅವನ ಕೊಳ್ಳಾಗ ನೋಡು. ದಾರಕ್ಕ ಸಣ್ಣ ಡಬ್ಬಿ ಕಟ್ಯಾನ. ಅದು ಲಿಂಗದ ಕರಡಿಗಿ. ಹುಡುಗ ನಮ್ಮ ಪೈಕಿನ."

"ಅದು ತಾಯತ ಇರಬೇಕ್ರಿ ಶಂಕ್ರೆಪ್ಪನವರ."

"ತಾಯತ ತೋಳಿಗೆ ಕಟ್ತಾರ. ಕೊಳ್ಳಾಗ ಕಟ್ಟೂದು ಒಂದ."

"ರೀ, ನಿಮ್ಮದು ಅತಿಯಾಯ್ತು," ಎಂದರು ರಾಯರು. "ಆ ಹುಡುಗಿ ತಂದೆ ಜುಟ್ಟು ನೋಡಿ. ಎಂಥಾ ಶಿಖೆ ಅದು. ಹೆಣ್ಣಿನ ಕಡೆಯವರು ವೈದಿಕರು, ಅದರಲ್ಲಿ ಅನುಮಾನವೇ ಇಲ್ಲ. ಅಂಥವರ ಮನೆಗೆ ಬರೋ ಹುಡುಗನ ವಿಷಯ ಮರೆಪ್ಪ ಹೇಳ್ದಂಗೇ ಇರ್ಬೇಕು. ಇಲ್ದಿದ್ರೆ ಆಯಮ್ಮ ಅಷ್ಟೊಂದು ಯಾಕೆ ಒದೀತಾಳೆ?"

"ಒದೀಲಿಕ್ಕೆ ಜಾತಿ ಯಾಕ ಬೇಕು," ಎಂದಳು ನೀಲಾಬಾಯಿ. "ಗಂಡಸು ಆದ್ರ ಸಾಕು."

ಪರದೆಯ ಮೇಲೆ ಇನ್ನೊಂದು ಕಂತು ಓಡಿತು. ಬಾಗಿಲ ಬದಿಯ ಚಾಪೆಯಿಂದ ಮರೆಪ್ಪನ ಕನ್ನಡವೂ ಓಡಿತು. ಜಪಾನಿ ಹುಡುಗನ ಬದುಕು ನಿಮಿಷ ನಿಮಿಷಕ್ಕೂ ಮರೆಪ್ಪನ ಬದುಕಿನ ಹತ್ತಿರ ಸರಿಯಿತು. ಶಾಲೆಯಲ್ಲಿ ಅವನನ್ನು ಹೊರಗೆ ಕೂರಿಸಿದ್ದರು. ಐ.ಟಿ.ಐ. ಪಾಸು ಮಾಡಿದ್ದ. ಸೀಮೆಎಣ್ಣೆಯ ಸಾಲಿನಲ್ಲಿ ಅವನ ಡಬ್ಬಿಯನ್ನು ಯಾರೋ ಕಾಲಿಂದ ತಳ್ಳಿದ್ದರು. ಊರಿನ ಹೊಟೇಲಿನಲ್ಲಿ ಅವನ ಕಪ್ಪು ಬೇರೆ ಇತ್ತು. ಜಪಾನಿನಲ್ಲೂ ರೇಷನ್ ಸೀಮೆಎಣ್ಣೆಯೇ ಎಂದು ಯಾರೂ ಕೇಳಲಿಲ್ಲ. "ಪಾಪ" ಎಂದರು ಸುಬ್ಬಲಕ್ಷ್ಮಮ್ಮ. ಅವರ ಕಣ್ಣು ಪರದೆಯ ಮೇಲಿತ್ತು. ಅವರಿಗೆ ಎರಡು ಮೊಳ ದೂರದಲ್ಲಿ ಕಿಟಕಿಯ ಕಟ್ಟೆಯ ಮೇಲೆ ಲೋಟ ಕೂತಿತ್ತು.

ತೊಂದರೆಯೆಂದರೆ, ಚಿತ್ರಕ್ಕೆ ಮರೆಪ್ಪನ ಕತೆ ಗೊತ್ತಿರಲಿಲ್ಲ. ಮೂರನೆಯ ಕ್ಯಾಸೆಟ್ಟಿನಲ್ಲಿ ಹುಡುಗನ ಅಪ್ಪ ದೊಡ್ಡ ಬಂಗಲೆಯಲ್ಲಿ, ಇಬ್ಬರು ಆಳುಗಳ ನಡುವೆ, ರೇಷ್ಮೆ ನಿಲುವಂಗಿ ತೊಟ್ಟು ಕುಳಿತಿದ್ದ.

"ಚಪ್ಪಲಿ ಹೊಲಿಯೋನ ಮನಿ ಇದು?" ಶಂಕ್ರೆಪ್ಪ ತೊಡೆ ತಟ್ಟಿದ. "ನಾ ಹೇಳಲಿಲ್ಲ? ವ್ಯಾಪಾರಸ್ಥರ ಮನಿ. ನಮ್ಮ ಪೈಕಿ."

"ಅದು ಕನಸ್ರಿ," ಎಂದ ಮರೆಪ್ಪ. "ಅಪ್ಪ ಹಿಂಗ ಇರಬೇಕಿತ್ತು ಅಂತ ಹುಡುಗ ಕನಸು ಕಾಣ್ತಾನ."

"ಕನಸಿನಾಗ ಆಳು ಕೆಮ್ತಾನೇನೋ?"

"ಜಪಾನದಾಗ ಕೆಮ್ತಾರ್ರಿ."

"ಯಪ್ಪಾ, ಸುಳ್ಳಿಗೂ ಒಂದು ಹದ ಇರ್ತದ. ಆ ಹುಡುಗನ ನಿಲುವು ನೋಡು, ಕಾಲು ಎತ್ತೂದು ನೋಡು. ಇದು ನಮ್ಮ ಕಡೆ ಗರಡಿ ಪಟ್ಟು." ಶಂಕ್ರೆಪ್ಪ ಎದ್ದು ನಿಂತು, ಧೋತರ ಮೇಲೆತ್ತಿ, ಪಟ್ಟು ತೋರಿಸಲು ಕಾಲು ಬೀಸಿದ. ನೂರಾ ಹತ್ತು ಕಿಲೋದ ಆಸಾಮಿ. ಬೀಸಿದ ಕಾಲು ಅವನ ಮಾತು ಕೇಳದೆ ಹಾಲ್‌ನ ಅರ್ಧ ಸುತ್ತಿ ಕಿಟಕಿಗೆ ಹೋಗಿ ಬಡಿಯಿತು. ಕಟ್ಟೆಯ ಮೇಲಿದ್ದ ಮರೆಪ್ಪನ ಲೋಟ ಉರುಳಿತು. ನೀರು ಟಣ್ಣನೆ ಬಿದ್ದ ಲೋಟದ ಹಿಂದೆಯೇ ನೆಲಕ್ಕಿಳಿದು, ಮಂಚದ ಕೆಳಗೆ ನುಗ್ಗಿ, ದೇವರ ಗೂಡಿನ ಕಡೆಗೆ ಹೊರಟಿತು.

ಹಾಲ್‌ನಲ್ಲಿ ಕರೆಂಟು ಹರಿದಂತಾಯಿತು. ನೀಲಾಬಾಯಿ ಎರಡೂ ಕಾಲನ್ನು ಮಂಚದ ಮೇಲೆ ಎತ್ತಿಕೊಂಡಳು. ಶಂಕ್ರೆಪ್ಪ ಒಂಟಿ ಕಾಲಿನಲ್ಲಿ ಕೊಕ್ಕರೆಯಾದ. ಸುಬ್ಬಲಕ್ಷ್ಮಮ್ಮ ಹುರುಳಿಕಾಯಿ ಚೆಲ್ಲಿ ಒಳಗೋಡಿ, ಅರಿಶಿನ ಕದಡಿದ ನೀರಿನ ಚೊಂಬು ಹಿಡಿದು ಬಂದು, ಟಿ.ವಿ.ಗೆ ಅಡ್ಡ ನಿಂತು ಸಿಂಪಡಿಸತೊಡಗಿದರು. ಮರೆಪ್ಪ ಲೋಟ ಎತ್ತಲು ಬಗ್ಗಿದ. "ನೀನು ಮುಟ್ಬೇಡ, ಇರು, ಇರು" ಎಂದರು ಅವರು. ಅವನು ಮುಟ್ಟಿ ಕುಡಿದ ಲೋಟವದು. ಬಗ್ಗಿದವನು ಬಗ್ಗಿದ ಹಾಗೆಯೇ ಉಳಿದ.

"ಲೇ, ಆಮೇಲೆ ಶುದ್ಧ ಮಾಡ್ಕೊಳ್ಳೆ," ರಾಯರು ಕುರ್ಚಿಯಿಂದಲೇ ಕತ್ತು ಚಾಚಿ ಗದರಿದರು. "ಪರದೆ ಮುಂದಿಂದ ಸರಿ. ಆ ಚಮ್ಮಾರರ ಹುಡುಗನ್ನ ಬಾವಿಗೆ ತಳ್ತಾ ಇದಾರೆ, ಪಾಪ. ಮರೆಪ್ಪ, ಏನಂತಾನಯ್ಯ ಅವನು?"

ಮರೆಪ್ಪ ಸೊಂಟ ನೆಟ್ಟಗೆ ಮಾಡಿ ಪರದೆಯ ಕಡೆ ತಿರುಗಿದ.

"ನಿಮ್ಮ ನೀರಾಗ ಬಿದ್ದೀನಿ, ಈಗ ಬಾವಿಗೂ ಅರಿಶಿನ ಹಾಕ್ರಿ, ಅಂತಾನ್ರಿ."

ಅಡಿಗೆಮನೆಯ ಬಾಗಿಲಲ್ಲಿ ಕೌಸಲ್ಯಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ರಾಯರು "ಎಂಥಾ ಮಾತು, ಎಂಥಾ ಮಾತು" ಎಂದು ತಲೆದೂಗಿದರು. ಅರಿಶಿನದ ಒಂದು ಹನಿ ಅವರ ಕನ್ನಡಕದ ಮೇಲೆಯೇ ಬಿದ್ದಿತ್ತು.

ನಾಲ್ಕೂವರೆಗೆ ಕೊನೆಯ ಕಂತು. ಹುಡುಗಿ ಕಾಲು ಜಾರಿದಂತೆ ಮಾಡಿ ಬಿದ್ದಳು. ಸೊಣಕಲು ಹುಡುಗ ಗೆದ್ದ. ಜುಟ್ಟಿನ ಉಸ್ತಾದ ಎದ್ದು ಬಂದು ಅವನೆದುರು ನಿಂತು ಎರಡು ನಿಮಿಷ ಮಾತಾಡಿದ. ಅದು ಪಾಯಸ ಮಾಡುವ ಕ್ರಮವೇ ಇದ್ದಿರಬಹುದು, ಮರೆಪ್ಪ ಮಾತ್ರ ವರ್ಷವಿಡೀ ಸೇತುವೆಯ ಮೇಲೆ ಕಟ್ಟಿಟ್ಟಿದ್ದ ಮಾತನ್ನೆಲ್ಲ ಅವನ ಬಾಯಿಗಿಟ್ಟ.

"ತಮ್ಮಾ, ನೀ ಹೊಲಿದ ಚಪ್ಪಲಿ ಮೆಟ್ಟಿ ನಾ ಗುಡಿಗೆ ಹೋದೆ, ನಿನ್ನ ಮಾತ್ರ ಗುಡಿಗೆ ಬಿಡಲಿಲ್ಲ. ನಿನ್ನ ಕತಿ ಕೇಳಿ ಅತ್ತೆ, ನಿನ್ನ ಲೋಟ ಮಾತ್ರ ಹೊರಗಿಟ್ಟೆ. ನನ್ನ ಮಗಳಿಗೆ ಇದ್ದ ಬುದ್ಧಿ ನನಗ ಇರ್ಲಿಲ್ಲ. ಬಾ, ಒಳಗ ಬಾ, ಅಂತಾನ್ರಿ."

ನೀಲಾಬಾಯಿ ಮೂಗು ಒರೆಸಿದಳು. ಶಂಕ್ರೆಪ್ಪ, "ಹೋಗ್ಲಿ, ಯಾವ ಪೈಕಿನಾದ್ರೂ ಆಗ್ಲಿ, ಹುಡುಗ ಚಲೋ" ಎಂದು ಒಪ್ಪಿದ. ರಾಯರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಕಣ್ಣೊತ್ತಿಕೊಂಡರು.

"ಕೊಟ್ರೆ ಅಂಥವನಿಗೆ ಹೆಣ್ಣು ಕೊಡ್ಬೇಕು ಕಣೇ," ಎಂದರು ಹೆಂಡತಿಗೆ. "ಜಾತಿ ಕಟ್ಕೊಂಡು ಏನಾಗ್ಬೇಕು?"

ಕೌಸಲ್ಯಾ ಕೆಮ್ಮಿದಳು. ಅದು ಜಪಾನಿನಲ್ಲಿ ಕೂಡ ಅರ್ಥವಾಗುವ ಕೆಮ್ಮು. ಮರೆಪ್ಪ ಚಾಪೆಯಿಂದ ಎದ್ದ.

"ರಾಯರೇ, ಖರೇನ ಹೇಳ್ರಿ. ಅಂಥ ಹುಡುಗ ಬಂದು ಕೇಳಿದ್ರ ನೀವು ಕೌಸಲ್ಯಾ ಅವರನ್ನ ಕೊಡ್ತೀರೇನ್ರಿ?"

"ಕೊಡ್ತೀನಿ."

"ಚಪ್ಪಲಿ ಹೊಲಿಯೋರ ಮಗ ಆದ್ರೂ?"

"ಆದ್ರೂ ಕೊಡ್ತೀನಿ. ನನ್ನ ಮಾತು ಅಂದ್ರೆ ಮಾತು. ಬೆಂಗಳೂರಿನವರಿಗೆ ಬರಬೇಡಿ ಅಂತ ಈಗಲೇ ಹೇಳಿ ಬರ್ತೀನಿ." ರಾಯರು ಅಂಗಿ ಹಾಕಿಕೊಂಡು, ತಡೆಯಲು ಬಂದ ಸುಬ್ಬಲಕ್ಷ್ಮಮ್ಮನವರನ್ನು ಬದಿಗೆ ಸರಿಸಿ, ಬೀದಿಮೂಲೆಯ ಟೆಲಿಫೋನ್ ಬೂತಿಗೆ ಇಳಿದೇ ಹೋದರು.

ಆ ಇಪ್ಪತ್ತು ನಿಮಿಷ ಮರೆಪ್ಪನ ಬದುಕಿನಲ್ಲೇ ದೊಡ್ಡದು. ಅವನೂ ಕೌಸಲ್ಯಾಳೂ ಹಾಲ್‌ನ ಎರಡು ತುದಿಯಲ್ಲಿ ನಿಂತು, ನಡುವೆ ಕೂತ ಮೂರು ಜನರ ತಲೆಯ ಮೇಲಿಂದ ಒಬ್ಬರನ್ನೊಬ್ಬರು ನೋಡಿದರು. ಅವನು ಮನಸ್ಸಿನಲ್ಲೇ ಕುರ್ಲಾದಲ್ಲಿದ್ದ ಅಕ್ಕ ರಾಚವ್ವನಿಗೆ ಸುದ್ದಿ ಮುಟ್ಟಿಸಿ, ಮದುವೆಗೆ ಪ್ಯಾಂಟೂ ಹೊಲಿಸಿಬಿಟ್ಟಿದ್ದ.

ರಾಯರು ಏದುಸಿರು ಬಿಡುತ್ತ ವಾಪಸು ಬಂದರು. "ಆಯ್ತು. ಬೇಡ ಅಂತ ಹೇಳಿಬಿಟ್ಟೆ." ಮೇಜಿನ ಡ್ರಾಯರಿನಿಂದ ಬಿಳಿ ಹಾಳೆ, ಪೆನ್ನು ತೆಗೆದು ಮರೆಪ್ಪನ ಮುಂದಿಟ್ಟರು. ಮೊದಲ ಸಲ ಅವನಿಗೆ ಮೇಜಿನ ಮುಂದಿನ ಕುರ್ಚಿಯನ್ನು ಎಳೆದು ಕೊಟ್ಟರು. "ಕೂತ್ಕೊ. ಬರಿ."

"ಏನ್ ಬರೀಲ್ರಿ?"

"ಹುಡುಗಿ ವಿವರ. ಹೆಸರು, ವಯಸ್ಸು, ಬಿ.ಕಾಂ., ಸಂಗೀತ ಬರುತ್ತೆ. ಜಪಾನಿನವರ ಕಾನ್ಸುಲೇಟಿಗೆ ಕಳಿಸೋಣ. ನಾಲ್ಕು ಜನ ಒಳ್ಳೆ ಹುಡುಗರ ವಿಳಾಸ ಕೊಡ್ತಾರೆ. ಈ ಬಿಲ್ಡಿಂಗಲ್ಲಿ ಜಪಾನಿ ಬರೋದು ನಿನಗೊಬ್ಬನಿಗೇ. ಅಣ್ಣನ ಥರ ಮುಂದೆ ನಿಂತು ಮಾಡ್ಕೊಡು."

ಕೌಸಲ್ಯಾ ಬಾಗಿಲ ಚೌಕಟ್ಟು ಹಿಡಿದಳು. "ಅಪ್ಪ, ಮರೆಪ್ಪ ನಿಮಗೆ ಕುಛ್ ಹೇಳ್ಬೇಕು ಅಂತಿದ್ದಾನೆ."

"ರಾಯರೇ," ಎಂದ ಮರೆಪ್ಪ, "ಅಂಥ ಹುಡುಗರು ನಮ್ಮ ದೇಶದಾಗೂ ಇರ್ತಾರಲ್ರಿ. ಭಾಳ ದೂರೇನೂ ಅಲ್ಲ."

"ಇರ್ತಾರೆ, ಇಲ್ಲ ಅಂದೋರ್ಯಾರು," ಎಂದರು ರಾಯರು ಅಕ್ಕರೆಯಿಂದಲೇ. "ಆದ್ರೆ ಇಲ್ಲಿಯವರ ಜಾತಿ ನಮಗೆ ಗೊತ್ತಾಗಿಬಿಡುತ್ತಲ್ಲಯ್ಯ."

ಮರೆಪ್ಪ ಪೆನ್ನಿನ ಮುಚ್ಚಳ ತೆಗೆದ. ತನಗೆ ಜಪಾನಿ ಬರುವುದಿಲ್ಲ ಎಂದರೆ ಆ ಉಸ್ತಾದನ ಮಾತೆಲ್ಲ ಸುಳ್ಳಾಗುತ್ತದೆ, ಅದರೊಂದಿಗೆ ರಾಯರ ಕಣ್ಣೀರೂ ವಾಪಸು ಹೋಗುತ್ತದೆ, ನಾಳೆಯೇ ಬೆಂಗಳೂರಿಗೆ ಮತ್ತೆ ಫೋನು ಹೋಗುತ್ತದೆ. ಬರುತ್ತದೆ ಎಂದರೆ ತನ್ನ ಹುಡುಗಿಗೆ ತಾನೇ ವರ ಹುಡುಕಬೇಕು. ಅವನು ಹಾಳೆಯ ಮೇಲೆ ಸೊಟ್ಟ ಗೆರೆ, ಸಣ್ಣ ಚೌಕ, ಏಣಿ, ಬಾಗಿಲು, ಏನೇನೋ ಗೀಚತೊಡಗಿದ. ರಾಯರೂ ಶಂಕ್ರೆಪ್ಪನೂ ನೀಲಾಬಾಯಿಯೂ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಮುತ್ತಿನಂಥ ಅಕ್ಷರ," ಎಂದಳು ನೀಲಾಬಾಯಿ.

"ತಮ್ಮಾ, ಕೆಳಗ ನಮ್ಮ ತಂಗಿ ಮಗಳದೂ ಒಂದು ಸಾಲು ಸೇರಸು," ಎಂದ ಶಂಕ್ರೆಪ್ಪ. "ಡಬ್ಬಿ ಕಟ್ಟಿದವ ಸಿಕ್ರ ಚಲೋ, ಇಲ್ದಿದ್ರೂ ನಡೀತದ."

"ಕೊನೇಲಿ ಒಂದು ಮುಖ್ಯ ವಿಷಯ," ಎಂದರು ರಾಯರು. "'ಜಾತಿಯ ಅಡ್ಡಿಯಿಲ್ಲ' ಅಂತ ದಪ್ಪಕ್ಷರದಲ್ಲಿ ಬರಿ. ಅಡಿಗೆ ಗೆರೆ ಎಳಿ."

ಮರೆಪ್ಪ ನಾಲ್ಕು ಚೌಕ ಬರೆದು, ಅವುಗಳ ಅಡಿಗೆ ಗೆರೆ ಎಳೆದ. ಒಂದೇ ಎಳೆತಕ್ಕೆ, ಕೈ ಅಲುಗದೆ, ಹಾಳೆಯ ಈ ಅಂಚಿನಿಂದ ಆ ಅಂಚಿಗೆ. ಗೆರೆ ಎಳೆಯಲು ಜಪಾನಿ ಬರಬೇಕಾಗಿರಲಿಲ್ಲ.